ಗೈಡ್ ಹಾಕಿದರೂ ರೂಟರ್ ವಾಲುತ್ತಿದೆಯೇ? ಕಿರಿದಾದ ಪಟ್ಟಿಯ ಅಂಚಿನಲ್ಲಿ ನೇರ ಗ್ರೂವ್ ತೆಗೆಯುವ ಕ್ರಮ

ಕಪಾಟಿನ ಬಾಗಿಲಿಗೆ ಚೌಕಟ್ಟು ಮಾಡಿ, ನಡುವೆ 6 ಮಿ.ಮೀ. ಪ್ಲೈ ಕೂರಿಸಬೇಕು ಎಂದಿಟ್ಟುಕೊಳ್ಳಿ. ಚೌಕಟ್ಟಿನ ಪಟ್ಟಿ 50 ಮಿ.ಮೀ. ಅಗಲ, 25 ಮಿ.ಮೀ. ದಪ್ಪ. ಆ 25 ಮಿ.ಮೀ. ಅಂಚಿನ ನಟ್ಟನಡುವೆ, ಉದ್ದಕ್ಕೂ, 6 ಮಿ.ಮೀ. ಅಗಲ 10 ಮಿ.ಮೀ. ಆಳದ ಗ್ರೂವ್, ಅಂದರೆ ಉದ್ದನೆಯ ಕೊರೆತ, ಬೇಕು. ಕೈಯಲ್ಲಿರುವ ಟ್ರಿಮ್ಮರಿನ, ಅಂದರೆ ತಿರುಗುವ ಬಿಟ್ಟಿನಿಂದ ಮರ ಕಡಿಯುವ ಚಿಕ್ಕ ರೂಟರಿನ, ತಳವೋ ಸುಮಾರು 90 ಮಿ.ಮೀ. ಎರಡು ಬೆರಳಗಲದ ದಾರಿಯಲ್ಲಿ ಅಂಗೈಯಗಲದ ಯಂತ್ರ ಓಡಿಸಬೇಕು.

ಈ ಕೆಲಸದಲ್ಲಿ ಮರ ಕೆಡಿಸಿಕೊಂಡವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಗೈಡ್ ಹಾಕಿಯೇ ಮಾಡಿದೆ, ಆದರೂ ಗ್ರೂವ್ ಹಾವಿನ ಹಾಗೆ ಹೋಯಿತು.’ ಗೈಡ್ ಎಂದರೆ ಯಂತ್ರಕ್ಕೆ ಸಿಕ್ಕಿಸುವ, ಮರದ ಬದಿಗೆ ಒರಗಿ ಓಡುವ ಸಾಧನ. ಅದರಿಂದ ನಾವು ಬಯಸುವುದು ಹೆಚ್ಚು, ಅದು ಮಾಡುವುದು ಕಡಿಮೆ. ತಾನು ಒರಗಿದ ಮುಖದಿಂದ ಬಿಟ್ ದೂರ ಸರಿಯದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಯಂತ್ರ ಪಕ್ಕಕ್ಕೆ ವಾಲಿದರೆ ಅದು ತಡೆಯುವುದಿಲ್ಲ. ಬಿಟ್ ಆ ಮುಖದ ಕಡೆಗೇ ಬಂದರೂ ತಡೆಯುವುದಿಲ್ಲ. ಪಟ್ಟಿಯ ತುದಿಯಲ್ಲಿ ಯಂತ್ರ ತಿರುಚಿಕೊಂಡರೆ ಗೈಡೂ ಜೊತೆಗೇ ತಿರುಚಿಕೊಳ್ಳುತ್ತದೆ.

ವಾಲುವುದಕ್ಕೆ ಮದ್ದು ಆಸರೆ ಪಟ್ಟಿ. ಸರಿಯುವುದಕ್ಕೆ ಮದ್ದು ತಳ್ಳುವ ದಿಕ್ಕು. ತಿರುಚುವುದಕ್ಕೆ ಮದ್ದು ಉದ್ದನೆಯ ಫೆನ್ಸ್, ಅಂದರೆ ಗೈಡಿನಲ್ಲಿ ಮರಕ್ಕೆ ಒರಗುವ ಭಾಗ. ಈ ಮೂರೂ ಕೂಡಿದ ಮೇಲೆಯೇ ಗೈಡ್ ತನ್ನ ಕೆಲಸ ಮಾಡುತ್ತದೆ. ಅದಕ್ಕೇ ಕೆಳಗಿನ ಕ್ರಮದಲ್ಲಿ ಯಂತ್ರ ನಿಮ್ಮ ಪಟ್ಟಿಯನ್ನು ಕಡಿಯುವುದು ಎಂಟನೇ ಹಂತದಲ್ಲಿ. ಒಂದೋ ಎರಡೋ ಹಂತ ಹಾರಿಸಿ ನೋಡೋಣ ಎನಿಸಿದರೆ ವೇಸ್ಟ್ ತುಂಡಿನ ಮೇಲೆ ನೋಡಿ, ತೇಗದ ಮೇಲೆ ಬೇಡ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಟ್ರಿಮ್ಮರ್ ಅಥವಾ ಪ್ಲಂಜ್ ರೂಟರ್ (ಬಿಟ್ಟನ್ನು ನೇರ ಕೆಳಗಿಳಿಸಬಲ್ಲ ದೊಡ್ಡ ರೂಟರ್), ಅದರ ಜೊತೆ ಬಂದ ಎಡ್ಜ್ ಗೈಡ್, ಕಾರ್ಬೈಡ್ ಬಾಯಿಯ (ಕಡಿಯುವ ಅಂಚಿನ) 6 ಮಿ.ಮೀ. ಸ್ಟ್ರೇಟ್ ಬಿಟ್. ವರ್ನಿಯರ್, ಮೂಲೆಮಟ್ಟ, ಮಾರ್ಕಿಂಗ್ ಗೇಜ್, ನಾಲ್ಕು ಕ್ಲ್ಯಾಂಪ್, ಎರಡು ಕಡೆ ಅಂಟುವ ಟೇಪ್, ಒಂದು ಮೇಣದಬತ್ತಿ. ಆಸರೆಗೆ 50 ಮಿ.ಮೀ. ದಪ್ಪದ ಒಂದು ನೇರ ರೀಪು, ಅದಕ್ಕೆ ಅಡಿಯಲ್ಲಿ ಹಾಕಲು 18 ಮಿ.ಮೀ. ಪ್ಲೈಯ ಹಲಗೆ. ಗೈಡಿಗೆ ಜೋಡಿಸಲು 300 ಮಿ.ಮೀ. ಉದ್ದದ ಗಟ್ಟಿ ಮರದ ತುಂಡು. ಇವೆಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಪಟ್ಟಿಯದೇ ದಪ್ಪ ಮತ್ತು ಅಗಲದ ಒಂದೆರಡು ಅಡಿ ವೇಸ್ಟ್ ತುಂಡು. ಪರೀಕ್ಷೆಯ ಕಡಿತ ಇಲ್ಲದೆ ಈ ಕೆಲಸ ಆಗುವುದಿಲ್ಲ.

ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕ್. ಕೈಗವಸು ಬೇಡವೇ ಬೇಡ. ತಿರುಗುವ ಬಿಟ್ಟಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಲುಂಗಿಯ ತುದಿ, ಜೋಲುವ ತೋಳು, ಕೊರಳ ಸರ ಇವಕ್ಕೂ ಇದೇ ಮಾತು. ನಮ್ಮ ಊರುಗಳಲ್ಲಿ ಮರೆಯಬಾರದ ಇನ್ನೊಂದಿದೆ. ಕೆಲಸದ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆಫ್ ಮಾಡಿ, ಆಮೇಲೆ ಬೈದುಕೊಳ್ಳಿ. ಎಷ್ಟೋ ಟ್ರಿಮ್ಮರುಗಳಲ್ಲಿ ಒತ್ತಿದ ಸ್ವಿಚ್ ಒತ್ತಿದಂತೆಯೇ ಇರುತ್ತದೆ. ನೀವು ಚಹಾ ಕುಡಿಯಲು ಹೋದಾಗ ಕರೆಂಟ್ ಬಂದರೆ ಯಂತ್ರ ಮೇಜಿನ ಮೇಲೆ ತಾನೇ ಓಡಾಡುತ್ತದೆ.

ಹಂತ 1: ಪಟ್ಟಿಯನ್ನು ತಯಾರು ಮಾಡುವುದು

ಫೆನ್ಸ್ ಯಾವ ಮುಖಕ್ಕೆ ಒರಗಿ ಓಡುತ್ತದೆಯೋ ಆ ಮುಖದ ಡೊಂಕೆಲ್ಲ ಗ್ರೂವಿಗೆ ಬರುತ್ತದೆ. ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಬಾಗಿದ್ದರೆ ಮೊದಲು ತೋಪಡ, ಅಂದರೆ ಉಜ್ಜುಗೊರಡು, ಹಾಕಿ ನೇರ ಮಾಡಿ. ಆ ಮುಖಕ್ಕೂ ಗ್ರೂವ್ ಬರುವ ಅಂಚಿಗೂ 90 ಡಿಗ್ರಿ ಇದೆಯೇ ಎಂದು ಮೂಲೆಮಟ್ಟ ಇಟ್ಟು ಮೂರು ಕಡೆ ನೋಡಿ.

ಈಗ ಆ ಮುಖದ ಮೇಲೆ ಪೆನ್ಸಿಲಿನಲ್ಲಿ ಎದ್ದು ಕಾಣುವಂತೆ ಒಂದು ಗುರುತು ಹಾಕಿ. ಇದು ಆಧಾರ ಮುಖ. ಚೌಕಟ್ಟಿನ ನಾಲ್ಕೂ ಪಟ್ಟಿಗಳಲ್ಲಿ ಬಾಗಿಲಿನ ಮುಂಬದಿಗೆ ಬರುವ ಮುಖವೇ ಆಧಾರ ಮುಖವಾಗಲಿ. ಹೀಗೆ ಮಾಡಿದರೆ ಗ್ರೂವ್ ನಡುವಿನಿಂದ ಕಾಲು ಮಿ.ಮೀ. ಆಚೀಚೆ ಆದರೂ ನಾಲ್ಕರಲ್ಲೂ ಒಂದೇ ಕಡೆಗೆ ಆಗಿರುತ್ತದೆ, ಕೂಡಿಸಿದಾಗ ಗೊತ್ತೇ ಆಗುವುದಿಲ್ಲ. ಒಂದು ಪಟ್ಟಿಯನ್ನು ತಿರುಗಿಸಿ ಹಿಡಿದಿರೋ, ಮೂಲೆಯಲ್ಲಿ ಅರ್ಧ ಮಿ.ಮೀ. ಮೆಟ್ಟಿಲು ಬೆರಳಿಗೆ ಸಿಗುತ್ತದೆ.

ಉದ್ದವನ್ನು ಈಗಲೇ ಅಳತೆಗೆ ಕತ್ತರಿಸಬೇಡಿ. ಎರಡೂ ತುದಿಯಲ್ಲಿ 50 ಮಿ.ಮೀ. ಹೆಚ್ಚಿಗೆ ಬಿಡಿ. ಹಳೆಯ ಬಡಗಿಗಳು ಬಾಗಿಲಿನ ನಿಲುಪಟ್ಟಿಯನ್ನು ಉದ್ದ ಬಿಟ್ಟು ಕೊನೆಗೆ ಕತ್ತರಿಸುತ್ತಿದ್ದುದನ್ನು ನೋಡಿರಬಹುದು. ಇಲ್ಲಿ ಆ ಹೆಚ್ಚುವರಿ ತುದಿಯಿಂದ ಎರಡು ಲಾಭ. ಗ್ರೂವ್ ಕೆಡುವುದು ಸಾಮಾನ್ಯವಾಗಿ ಮೊದಲ ಮತ್ತು ಕೊನೆಯ ಎರಡು ಇಂಚಿನಲ್ಲಿ, ಅದು ಕತ್ತರಿಸಿ ಬಿಸಾಡುವ ಭಾಗದಲ್ಲೇ ಮುಗಿಯುತ್ತದೆ. ಎರಡನೆಯ ಲಾಭ ಮುಂದಿನ ಹಂತದಲ್ಲಿ.

ಹಂತ 2: ಆಸರೆ ಪಟ್ಟಿ

ಲೆಕ್ಕ ನೋಡಿ. ಬಿಟ್ಟಿನ ನಡು ಅಂಚಿನ ನಡುವೆ ಇದೆ, ಅಂದರೆ ಆಧಾರ ಮುಖದಿಂದ 12.5 ಮಿ.ಮೀ. ತಳದ ಅರ್ಧ 45 ಮಿ.ಮೀ. ಹಾಗಾಗಿ ಎರಡೂ ಬದಿಗೆ 32.5 ಮಿ.ಮೀ. ತಳ ಗಾಳಿಯಲ್ಲಿ ತೂಗುತ್ತದೆ. ಫೆನ್ಸ್ ಇರುವ ಬದಿಯನ್ನು ತುಂಬಲಾಗದು, ಅಲ್ಲಿ ಫೆನ್ಸ್ ಓಡಬೇಕು. ಇನ್ನೊಂದು ಬದಿಯನ್ನು ತುಂಬಬಹುದು. 40ರಿಂದ 50 ಮಿ.ಮೀ. ದಪ್ಪದ ರೀಪನ್ನು ಆಧಾರ ಮುಖದ ಎದುರು ಬದಿಗೆ ಒತ್ತಿ ನಿಲ್ಲಿಸಿದರೆ ಆ ಬದಿಯ ತಳವೆಲ್ಲ ಮರದ ಮೇಲೆಯೇ ಇರುತ್ತದೆ. ಯಂತ್ರದ ಭಾರ ಪಟ್ಟಿಯ ನಡುವೆ ಬಿದ್ದು, ನೀವು ಆಸರೆಯ ಕಡೆಗೆ ಸ್ವಲ್ಪ ಒತ್ತಿ ಹಿಡಿದರೆ ಸಾಕು, ವಾಲುವುದಿಲ್ಲ.

ಎರಡೂ ಬದಿಗೆ ಆಸರೆ ಹಾಕಿ, ಫೆನ್ಸನ್ನು ಹೊರಗಿನ ಆಸರೆಗೆ ಒರಗಿಸಿ ಓಡಿಸುವವರಿದ್ದಾರೆ. ಆಗ ನಿಮ್ಮ ಅಳತೆ ಆ ಆಸರೆಯ ದಪ್ಪವನ್ನು ನಂಬಿಕೊಂಡಿರುತ್ತದೆ. ಅದರ ದಪ್ಪ ಉದ್ದಕ್ಕೂ ಒಂದೇ ಇರಬೇಕು, ನಡುವೆ ಒಂದು ಚೂರು ಹೊಟ್ಟು ಕೂಡ ಸಿಕ್ಕಿರಬಾರದು. ನನಗೆ ಆ ದಾರಿ ಇಷ್ಟವಿಲ್ಲ.

ಜೋಡಿಸುವ ಬಗೆ ಹೀಗೆ. ಆಸರೆ ರೀಪನ್ನು ಪಟ್ಟಿಯಷ್ಟೇ ಎತ್ತರಕ್ಕೆ, ಅಂದರೆ 50 ಮಿ.ಮೀ.ಗೆ ತಂದುಕೊಳ್ಳಿ. ಸಾಧ್ಯವಾದರೆ ಎರಡನ್ನೂ ಒಟ್ಟಿಗೆ ಹಿಡಿದು ತೋಪಡ ಹಾಕಿ. ರೀಪನ್ನು ಪ್ಲೈ ಹಲಗೆಯ ಮೇಲೆ ನಿಲ್ಲಿಸಿ ಅಡಿಯಿಂದ ಸ್ಕ್ರೂ ಹಾಕಿ. ಅದರ ಮುಂದೆ ಅದೇ ಹಲಗೆಯ ಮೇಲೆ ನಿಮ್ಮ ಪಟ್ಟಿ ನಿಲ್ಲುತ್ತದೆ, ಆಧಾರ ಮುಖ ನಿಮ್ಮ ಕಡೆಗೆ. ಈಗ ಆ ಹೆಚ್ಚುವರಿ ತುದಿಗಳ ಎರಡನೆಯ ಲಾಭ: ಆಸರೆಯ ಹಿಂದಿನಿಂದ ಎರಡು ತುದಿಗೂ ಒಂದೊಂದು ಸ್ಕ್ರೂ ಹಾಕಿ ಪಟ್ಟಿಯನ್ನು ಹಿಡಿಸಿ. ಮುಂದೆ ಕ್ಲ್ಯಾಂಪೇ ಇಲ್ಲ, ಫೆನ್ಸಿಗೆ ಏನೂ ಅಡ್ಡ ಬರುವುದಿಲ್ಲ. ಸ್ಕ್ರೂ ಮೇಲಂಚಿನಿಂದ 30 ಮಿ.ಮೀ. ಕೆಳಗಿರಲಿ, ಗ್ರೂವಿನ ಆಳ 10 ಮಿ.ಮೀ., ಬಿಟ್ ಅಲ್ಲಿಗೆ ಬರುವುದಿಲ್ಲ. ಉದ್ದನೆಯ ಪಟ್ಟಿಯಾದರೆ ನಡುವೆ ಎರಡು ಕಡೆ ಅಂಟುವ ಟೇಪ್ ಹಾಕಿ ಒತ್ತಿ. ಹಲಗೆಯನ್ನು ಹಿಂಬದಿಯಿಂದ ಮೇಜಿಗೆ ಕ್ಲ್ಯಾಂಪ್ ಮಾಡಿ.

ಕೊನೆಗೆ ಸ್ಕೇಲನ್ನು ಪಟ್ಟಿ ಮತ್ತು ಆಸರೆಯ ಮೇಲೆ ಅಡ್ಡ ಇಟ್ಟು ನೋಡಿ. ಬೆಳಕು ಕಾಣಬಾರದು. ಪಟ್ಟಿ ತಗ್ಗಿದ್ದರೆ ಅಡಿಗೆ ಮದುವೆ ಕಾರ್ಡಿನ ತುಂಡೋ ಮೈಕಾ ತುಂಡೋ ಹಾಕಿ ಏರಿಸಿ. ಆಸರೆ ಅರ್ಧ ಮಿ.ಮೀ. ಎತ್ತರ ಇದ್ದರೂ ಯಂತ್ರ ವಾಲಿಯೇ ಓಡುತ್ತದೆ, ಗ್ರೂವಿನ ಗೋಡೆ ಓರೆಯಾಗುತ್ತದೆ. ನೋಡಲು ಚೆನ್ನಾಗಿಯೇ ಕಾಣುತ್ತದೆ, ಪ್ಲೈ ಕೂರಿಸುವಾಗ ಮಾತ್ರ ಕೂರುವುದಿಲ್ಲ.

ಹಂತ 3: ಗೈಡಿನ ಫೆನ್ಸ್ ಉದ್ದ ಮಾಡುವುದು

ಟ್ರಿಮ್ಮರಿನ ಜೊತೆ ಬರುವ ಗೈಡಿನ ಫೆನ್ಸ್ ಬಹುಪಾಲು 100 ಮಿ.ಮೀ. ಆಸುಪಾಸು. ಬಿಟ್ ಮರವನ್ನು ಮುಟ್ಟುವ ಹೊತ್ತಿಗೆ ಅದರ ಮುಂದಿನ ಅರ್ಧ, ಅಂದರೆ 50 ಮಿ.ಮೀ. ಮಾತ್ರ ಮರಕ್ಕೆ ತಾಗಿರುತ್ತದೆ. ಅಷ್ಟು ಚಿಕ್ಕ ಆಧಾರದ ಮೇಲೆ ಯಂತ್ರ ಸುಲಭವಾಗಿ ತಿರುಚಿಕೊಳ್ಳುತ್ತದೆ. 300 ಮಿ.ಮೀ. ಫೆನ್ಸ್ ಇದ್ದರೆ ಅದೇ ಕ್ಷಣದಲ್ಲಿ 150 ಮಿ.ಮೀ. ತಾಗಿರುತ್ತದೆ.

ಗೈಡಿನಲ್ಲಿ ಎರಡು ತೂತು ಇರುವುದನ್ನು ನೋಡಿರುತ್ತೀರಿ. ಅವು ಇರುವುದೇ ಇದಕ್ಕೆ. 300 ಮಿ.ಮೀ. ಉದ್ದ, 25 ಮಿ.ಮೀ. ಎತ್ತರ, 15ರಿಂದ 18 ಮಿ.ಮೀ. ದಪ್ಪದ ನೇರ ತುಂಡನ್ನು ಆ ತೂತುಗಳಿಂದ ಸ್ಕ್ರೂ ಹಾಕಿ ಹಿಡಿಸಿ. ತೂತಿಲ್ಲದಿದ್ದರೆ 4 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಕೊರೆದುಕೊಳ್ಳಿ. ಸ್ಕ್ರೂವಿನ ಮೊನೆ ಮರದ ಮುಖದಿಂದ ಆಚೆ ಬರಬಾರದು. ಬಂದರೆ ಆಧಾರ ಮುಖದ ಉದ್ದಕ್ಕೂ ಗೀರು. ಫೆನ್ಸಿಗೂ ಯಂತ್ರದ ತಳಕ್ಕೂ ನಡುವೆ 90 ಡಿಗ್ರಿ ನೋಡಿ, ಓರೆ ಇದ್ದರೆ ಕಾಗದದ ಪಟ್ಟಿ ಕೊಟ್ಟು ಸರಿಮಾಡಿ. ಮೇಣದಬತ್ತಿಯನ್ನು ಫೆನ್ಸಿನ ಮುಖಕ್ಕೂ ತಳಕ್ಕೂ ಉಜ್ಜಿ. ತಡೆದು ತಡೆದು ಹೋಗುವ ಯಂತ್ರ ಸುಟ್ಟ ಗುರುತು ಬಿಡುತ್ತದೆ.

ಟ್ರಿಮ್ಮರುಗಳ ಗೈಡ್ ಒಂದೇ ತಗಡಿನ ತೋಳಿನ ಮೇಲೆ ನಿಂತಿರುತ್ತದೆ, ಒತ್ತಿದರೆ ಬಾಗುತ್ತದೆ. ಪ್ಲಂಜ್ ರೂಟರಿನ ಗೈಡಿಗೆ ಎರಡು ಸರಳು, ಅದು ಅಲುಗುವುದಿಲ್ಲ. ಹತ್ತಾರು ಬಾಗಿಲು ಮಾಡುವುದಿದ್ದರೆ ಇದೊಂದೇ ಕಾರಣಕ್ಕೆ ಪ್ಲಂಜ್ ರೂಟರ್ ತೆಗೆದುಕೊಳ್ಳುವುದು ಒಳ್ಳೆಯದು.

ಹಂತ 4: ಬಿಟ್ ಹಾಕುವುದು

ಪ್ಲಗ್ ತೆಗೆದು, ಅದು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ನಮ್ಮಲ್ಲಿ 6 ಮಿ.ಮೀ. ಮತ್ತು ಕಾಲಿಂಚು, ಅಂದರೆ 6.35 ಮಿ.ಮೀ., ಎರಡೂ ಶ್ಯಾಂಕಿನ (ಯಂತ್ರದೊಳಗೆ ಹೋಗುವ ಕಡ್ಡಿಯ) ಬಿಟ್ಟುಗಳು ಒಂದೇ ಡಬ್ಬಿಯಲ್ಲಿ ಕಲೆತುಹೋಗಿರುತ್ತವೆ. 6 ಮಿ.ಮೀ. ಶ್ಯಾಂಕನ್ನು ಕಾಲಿಂಚಿನ ಕೋಲೆಟಿಗೆ (ಬಿಟ್ಟನ್ನು ಹಿಡಿಯುವ ಭಾಗಕ್ಕೆ) ಹಾಕಿ ಬಿಗಿದರೆ ಕೈಗೆ ಗಟ್ಟಿಯಾದಂತೆ ಅನಿಸುತ್ತದೆ. ಓಡುವಾಗ ಜಾರುತ್ತದೆ. ವರ್ನಿಯರಿನಲ್ಲಿ ಅಳೆಯದೆ ಹಾಕಬೇಡಿ.

ಶ್ಯಾಂಕನ್ನು ತಳ ಮುಟ್ಟುವವರೆಗೆ ಒಳಗೆ ಬಿಟ್ಟು, 2–3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ. ತಳ ಮುಟ್ಟಿಸಿಯೇ ಬಿಗಿದರೆ ಕೋಲೆಟ್ ಪೂರ್ತಿ ಹಿಡಿಯುವುದಿಲ್ಲ. ಹಾಗೆಂದು ಆಳ ಸಾಲದೆ ಬಿಟ್ಟನ್ನು ತೀರಾ ಹೊರಗೆ ಎಳೆಯುವುದೂ ತಪ್ಪು, ಶ್ಯಾಂಕಿನ ಮುಕ್ಕಾಲು ಭಾಗವಾದರೂ ಒಳಗಿರಲಿ. ಸುರುಳಿ ಬಿಟ್ ಇದ್ದರೆ ಹೊಟ್ಟನ್ನು ಮೇಲಕ್ಕೆತ್ತಿ ಹಾಕುತ್ತದೆ, ಗ್ರೂವಿಗೆ ಒಳ್ಳೆಯದು. ಆದರೆ ಅದು ಕೋಲೆಟಿನಿಂದ ತನ್ನನ್ನೂ ಹೊರಗೆ ಎಳೆದುಕೊಳ್ಳಲು ನೋಡುತ್ತದೆ, ಆದ್ದರಿಂದ ಕೋಲೆಟ್ ಶುಚಿಯಾಗಿರಬೇಕು.

ಹಂತ 5: ದೂರ ಹೊಂದಿಸುವುದು

25 ಮಿ.ಮೀ.ನಲ್ಲಿ 6 ಕಳೆದರೆ 19, ಅದರಲ್ಲಿ ಅರ್ಧ 9.5 ಮಿ.ಮೀ. ಫೆನ್ಸಿನ ಮುಖದಿಂದ ಬಿಟ್ಟಿನ ಹತ್ತಿರದ ಬಾಯಿಗೆ ಇಷ್ಟು ದೂರ ಬೇಕು. ಅಳೆಯುವಾಗ ಬಿಟ್ಟನ್ನು ಕೈಯಲ್ಲಿ ತಿರುಗಿಸಿ, ಅದರ ಬಾಯಿ ಫೆನ್ಸಿಗೆ ಅತಿ ಹತ್ತಿರ ಬರುವಂತೆ ನಿಲ್ಲಿಸಿ. ಬಿಟ್ಟಿನ ಹೊಟ್ಟೆಯಿಂದ ಅಳೆದವರ ಗ್ರೂವ್ ಯಾವಾಗಲೂ ಒಂದು ಕಡೆಗೆ ಎಳೆದಿರುತ್ತದೆ.

ಅಳತೆ ಅಂದಾಜಿಗೆ, ತೀರ್ಪು ವೇಸ್ಟ್ ತುಂಡಿಗೆ. ತುಂಡಿನ ತುದಿಯಲ್ಲಿ 2 ಮಿ.ಮೀ. ಆಳಕ್ಕೆ, ಎರಡಿಂಚು ಉದ್ದಕ್ಕೆ ಒಂದು ಓಟ ಓಡಿಸಿ. ತುಂಡನ್ನು ತಿರುಗಿಸಿ, ಫೆನ್ಸನ್ನು ಎದುರು ಮುಖಕ್ಕೆ ಒರಗಿಸಿ ಅದೇ ಜಾಗದಲ್ಲಿ ಮತ್ತೊಂದು ಓಟ. ಈಗ ಗ್ರೂವಿನ ಅಗಲ ಅಳೆಯಿರಿ. 6 ಮಿ.ಮೀ. ಬಂದರೆ ಬಿಟ್ ನಟ್ಟನಡುವೆ ಇದೆ. 6.4 ಬಂದರೆ ನಡುವಿನಿಂದ 0.2 ಮಿ.ಮೀ. ಆಚೀಚೆ ಇದೆ, ಹೆಚ್ಚಾದದ್ದರ ಅರ್ಧದಷ್ಟು ಸರಿಸಬೇಕು. ಸ್ಕ್ರೂ ಪೂರ್ತಿ ಸಡಿಲಿಸಿದರೆ ಅಳತೆಯೇ ಕಳೆದುಹೋಗುತ್ತದೆ. ತುಸು ಸಡಿಲಿಸಿ, ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿಯಿರಿ. ಬಿಗಿಯುವಾಗಲೇ ಫೆನ್ಸ್ ಸರಿಯುವುದುಂಟು, ಆದ್ದರಿಂದ ಬಿಗಿದ ಮೇಲೆ ಮತ್ತೊಂದು ಪರೀಕ್ಷೆ.

ಪ್ಲೈಯ ದಪ್ಪವನ್ನೂ ಈಗಲೇ ಅಳೆದುಬಿಡಿ. ಅಂಗಡಿಯಲ್ಲಿ 6 ಎಂದದ್ದು ವರ್ನಿಯರಿನಲ್ಲಿ 6 ಇರಬೇಕೆಂದಿಲ್ಲ.

ಹಂತ 6: ಯಾವ ಕಡೆಗೆ ತಳ್ಳಬೇಕು

ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಕಾರಣ ಬಿಡಿಸಿ ಹೇಳುತ್ತೇನೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಯಂತ್ರವನ್ನು ನಿಮ್ಮಿಂದ ಮುಂದಕ್ಕೆ ತಳ್ಳಿದಾಗ, ಮರವನ್ನು ಕಡಿಯುವ ಮುಂದಿನ ಬಾಯಿ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಮರ ಅದನ್ನು ತಿರುಗಿ ಎಡಕ್ಕೆ ದಬ್ಬುತ್ತದೆ. ಹಾಗಾಗಿ ಯಂತ್ರ ತಾನು ಹೋಗುವ ದಿಕ್ಕಿನ ಎಡಕ್ಕೆ ಸರಿಯಲು ನೋಡುತ್ತಲೇ ಇರುತ್ತದೆ.

ಫೆನ್ಸ್ ಬಲಗಡೆಯ ಮುಖಕ್ಕೆ ಇದ್ದರೆ ಆ ಎಡದ ಎಳೆತ ಫೆನ್ಸನ್ನು ಮರಕ್ಕೆ ಇನ್ನಷ್ಟು ಬಿಗಿಯಾಗಿ ಅಪ್ಪಿಸುತ್ತದೆ. ಎಡಗಡೆ ಇದ್ದರೆ ಅದೇ ಎಳೆತ ಫೆನ್ಸನ್ನು ಮರದಿಂದ ಬಿಡಿಸುತ್ತದೆ, ಇಡೀ ಓಟ ನಿಮ್ಮ ತೋಳಿಗೂ ಮೋಟಾರಿಗೂ ಜಗಳ. ಈ ಜಗಳದಲ್ಲಿ ಮೋಟಾರಿಗೆ ಸುಸ್ತಾಗುವುದಿಲ್ಲ.

ಪಟ್ಟಿಯ ಮುಂದೆ ನಿಂತಾಗ ನೆನಪಿಡಬೇಕಾದ ಮಾತು ಸುಲಭ: ಫೆನ್ಸ್ ನಿಮ್ಮ ಕಡೆಯ ಮುಖಕ್ಕೆ, ಓಟ ನಿಮ್ಮ ಎಡದಿಂದ ಬಲಕ್ಕೆ. ಎರಡನೇ ಹಂತದಲ್ಲಿ ಆಧಾರ ಮುಖ ನಿಮ್ಮ ಕಡೆಗಿರಲಿ ಎಂದದ್ದು ಇದಕ್ಕೇ. ಹಿಂದಕ್ಕೆ ಬರುವಾಗ ಕಡಿಯುತ್ತಾ ಬರಬೇಡಿ. ಬಲತುದಿ ಮುಟ್ಟಿದ ಮೇಲೆ ಸ್ವಿಚ್ ಆಫ್, ಬಿಟ್ ನಿಲ್ಲಲಿ, ಯಂತ್ರ ಎತ್ತಿ ಎಡತುದಿಗೆ. ಬೇಸರದ ಕೆಲಸ, ನಿಜ. ನಾನು ಕೆಡಿಸಿದ ಮೊದಲ ಎರಡು ತೇಗದ ಪಟ್ಟಿಗಳು ಇದೇ ಬೇಸರಕ್ಕೆ ಬಲಿ: ಹೋಗುವಾಗ ಒಂದು ಓಟ, ಬರುವಾಗ ಒಂದು ಓಟ. ಬರುವ ಓಟದಲ್ಲಿ ಗ್ರೂವ್ ಮೂರು ಕಡೆ ಹೊಟ್ಟೆ ಬಿಟ್ಟಿತ್ತು.

ಹಂತ 7: ಕರೆಂಟಿಲ್ಲದ ಓಟ

ಪ್ಲಗ್ ಹಾಕದೆ, ಬಿಟ್ಟನ್ನು ಮೇಲೆತ್ತಿಟ್ಟು, ತುದಿಯಿಂದ ತುದಿಗೆ ಒಮ್ಮೆ ಓಡಿಸಿ. ಫೆನ್ಸ್ ಎಲ್ಲಾದರೂ ತಡೆಯುತ್ತದೆಯೇ, ವೈರ್ ಯಾವುದಕ್ಕೆ ಸಿಕ್ಕಿಕೊಳ್ಳುತ್ತದೆ, ಕೊನೆಯ ಒಂದಡಿಗೆ ನಿಮ್ಮ ಕೈ ನೀಳುತ್ತದೆಯೇ ಇಲ್ಲ ಕಾಲು ಸರಿಸಬೇಕೇ ಎಲ್ಲ ಗೊತ್ತಾಗುತ್ತದೆ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ.

ಹಂತ 8: ಕಡಿತ

10 ಮಿ.ಮೀ. ಆಳವನ್ನು ಒಂದೇ ಓಟಕ್ಕೆ ತೆಗೆಯಬಾರದು. 6 ಮಿ.ಮೀ. ಬಿಟ್ಟಿಗೆ ಗಟ್ಟಿಮರದಲ್ಲಿ ಒಂದು ಓಟಕ್ಕೆ 3 ಮಿ.ಮೀ. ಸಾಕು. ನಾನು ಮಾಡುವುದು ಹೀಗೆ: ಮೊದಲು 1 ಮಿ.ಮೀ., ಆಮೇಲೆ 4, 7, ಕೊನೆಗೆ 10. ಮೊದಲಿನ ತೆಳು ಓಟ ದಾರಿ ಹಾಕಲು. ಅಷ್ಟರಲ್ಲಿ ಏನಾದರೂ ತಪ್ಪಿದ್ದರೂ 1 ಮಿ.ಮೀ.ನಲ್ಲೇ ಕಾಣುತ್ತದೆ, ತೋಪಡ ಹಾಕಿ ಅಳಿಸಿಬಿಡಬಹುದು.

ಬಿಟ್ ಮರಕ್ಕೆ ತಾಗದಂತೆ ಎಡತುದಿಯ ಹೊರಗೆ ಯಂತ್ರ ಇಟ್ಟು ಚಾಲೂ ಮಾಡಿ. ಪೂರ್ತಿ ವೇಗ ಬಂದಮೇಲೆ ಒಳಗೆ ನುಗ್ಗಿಸಿ. ಒಂದು ಕೈ ಯಂತ್ರದ ಮೈ ಮೇಲೆ. ಇನ್ನೊಂದು ಕೈಯ ಬೆರಳುಗಳು ತಳದ ಆಸರೆ ಬದಿಯ ಅಂಚಿನ ಮೇಲೆ, ಬಿಟ್ಟಿನಿಂದ ಆದಷ್ಟು ದೂರ, ಕೆಳಕ್ಕೆ ಒತ್ತುತ್ತಾ. ಪ್ಲಂಜ್ ರೂಟರಾದರೆ ಎರಡು ಹಿಡಿ ಇರುತ್ತವೆ, ಆಸರೆ ಬದಿಯ ಹಿಡಿಗೆ ಭಾರ ಹಾಕಿ.

ಫೆನ್ಸಿನ ಮೇಲಿನ ಒತ್ತು ಓಟದುದ್ದಕ್ಕೂ ಒಂದೇ ಅಲ್ಲ. ಒಳಗೆ ಹೋಗುವಾಗ ಫೆನ್ಸಿನ ಮುಂದಿನ ಅರ್ಧ ಮಾತ್ರ ಮರಕ್ಕೆ ತಾಗಿದೆ, ಅದನ್ನು ಒತ್ತಿ. ನಡುವೆ ಸಮನಾಗಿ. ಹೊರಗೆ ಬರುವಾಗ ಹಿಂದಿನ ಅರ್ಧವನ್ನು ಒತ್ತಿ. ಮುಗಿಯಿತಲ್ಲ ಎಂದು ಕೊನೆಯಲ್ಲಿ ಕೈ ಸಡಿಲ ಬಿಟ್ಟರೆ ಯಂತ್ರ ಮೂತಿ ತಿರುಗಿಸುತ್ತದೆ. ಬಿಟ್ ಹೊರಬೀಳುವ ಜಾಗದಲ್ಲಿ ಮರದ ಎಳೆ ಸಿಡಿಯುವುದೂ ಇದೆ. ನಿಮ್ಮ ಹೆಚ್ಚುವರಿ ತುದಿ ಅದನ್ನು ನುಂಗಿಕೊಳ್ಳುತ್ತದೆ.

ವೇಗವನ್ನು ಕಿವಿಯಿಂದ ತಿಳಿಯಬೇಕು. ಸದ್ದು ಒಂದೇ ಶ್ರುತಿಯಲ್ಲಿ ಇದ್ದರೆ ಸರಿ. ದನಿ ಕುಗ್ಗಿ ಗೊಗ್ಗರಾದರೆ ಜೋರಾಗಿ ತಳ್ಳುತ್ತಿದ್ದೀರಿ. ದನಿ ಏರಿ, ಸುಟ್ಟ ವಾಸನೆ ಬಂದರೆ ನಿಧಾನವಾಯಿತು, ಇಲ್ಲವೇ ಬಿಟ್ ಮೊಂಡಾಗಿದೆ. ಹೊರಬರುವುದು ಸಣ್ಣ ಚೂರುಗಳಾಗಿರಬೇಕು. ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಬಿಟ್ ಕಡಿಯುತ್ತಿಲ್ಲ, ಉಜ್ಜುತ್ತಿದೆ. ಗಂಟು ಎದುರಾದಾಗ ನಿಲ್ಲಬೇಡಿ, ನಿಧಾನ ಮಾಡಿ. ಪ್ರತಿ ಓಟದ ನಡುವೆ ಗ್ರೂವಿನ ಹೊಟ್ಟು ಬ್ರಷ್ಷಿನಿಂದ ತೆಗೆಯಿರಿ, ಆಧಾರ ಮುಖವನ್ನೂ ಒರೆಸಿ. ಫೆನ್ಸಿನಡಿ ಸಿಕ್ಕಿದ ಒಂದು ಚೂರು ಗ್ರೂವನ್ನು ಅಷ್ಟೇ ಪಕ್ಕಕ್ಕೆ ಸರಿಸುತ್ತದೆ.

ಹಂತ 9: ನಡುವೆ ಶುರುವಾಗಿ ನಡುವೆಯೇ ನಿಲ್ಲುವ ಗ್ರೂವ್

ಪಟ್ಟಿಗಳನ್ನು ಕೂಡಿಸುವ ತೂತು, ಬೀಗದ ಗುಳಿ ಇಂಥವಕ್ಕೆ ಅಂಚಿನ ತುದಿಯಿಂದ ನುಗ್ಗುವ ಹಾಗಿಲ್ಲ. ಇವಕ್ಕೆ ಪ್ಲಂಜ್ ರೂಟರೇ ಸರಿ. ಟ್ರಿಮ್ಮರನ್ನು ಓರೆ ಹಿಡಿದು ಮೆಲ್ಲಗೆ ಇಳಿಸುವ ಚಾಳಿ ಅಗಲ ಹಲಗೆಯ ಮೇಲೆ ಹೇಗೋ ನಡೆಯುತ್ತದೆ, ಕಿರಿದಾದ ಅಂಚಿನ ಮೇಲೆ ಅಪಾಯ. ಟ್ರಿಮ್ಮರೇ ಗತಿ ಎಂದಾದರೆ ಮೊದಲು ಡ್ರಿಲ್ಲಿನಿಂದ, ಬಿಟ್ಟಿಗಿಂತ ಒಂದೆರಡು ಮಿ.ಮೀ. ದೊಡ್ಡದಾದ ತೂತನ್ನು ಗುಳಿಯೊಳಗೇ ಬರುವಂತೆ ಕೊರೆಯಿರಿ. ಇದು ಗುಳಿ ಬಿಟ್ಟಿಗಿಂತ ಅಗಲ ಇದ್ದಾಗ ಮಾತ್ರ ಆಗುವ ಮಾತು. ಬಿಟ್ ಆ ತೂತಿನೊಳಗೆ, ಮರಕ್ಕೆ ತಾಗದಂತೆ ನಿಂತಿರುವಾಗ ಸ್ವಿಚ್ ಹಾಕಿ.

ನಿಲ್ಲುವ ಜಾಗಕ್ಕೆ ಎರಡು ತಡೆ ತುಂಡು ಬೇಕು, ಆಸರೆಯ ಮೇಲೆ ಸ್ಕ್ರೂ ಹಾಕಿ. ದೂರದ ಲೆಕ್ಕ: ತಳದ ಅರ್ಧದಿಂದ ಬಿಟ್ಟಿನ ಅರ್ಧ ಕಳೆಯಿರಿ. 90 ಮಿ.ಮೀ. ತಳ, 6 ಮಿ.ಮೀ. ಬಿಟ್ ಆದರೆ 45ರಲ್ಲಿ 3 ಹೋಗಿ 42 ಮಿ.ಮೀ. ಗುಳಿಯ ತುದಿಯಿಂದ ಅಷ್ಟು ಆಚೆ, ತಳ ಬಂದು ತಾಗುವ ಜಾಗಕ್ಕೆ ತಡೆ. ತಡೆಯ ಬುಡದಲ್ಲಿ ಹೊಟ್ಟು ಸೇರಿದರೆ ಗುಳಿ ಗಿಡ್ಡವಾಗುತ್ತದೆ, ಆಗಾಗ ಊದಿ.

ಪ್ಲಂಜ್ ರೂಟರಿನ ಸರಳುಗಳಿಗೆ ಎರಡನೆಯ ಗೈಡ್ ಹಾಕಲು ಬಂದರೆ, ಪಟ್ಟಿಯ ಎರಡೂ ಮುಖಕ್ಕೆ ಒಂದೊಂದು ಫೆನ್ಸ್ ಕೊಟ್ಟು ಯಂತ್ರವನ್ನು ನಡುವೆ ಬಂಧಿಸಬಹುದು. ಆಗ ಯಾವ ಕಡೆಗೂ ಸರಿಯಲು ಜಾಗವಿಲ್ಲ. ಆದರೆ ಆಸರೆ ಪಟ್ಟಿಗೂ ಜಾಗವಿಲ್ಲ! ಆಸರೆಯನ್ನು ಎರಡನೆಯ ಫೆನ್ಸಿನ ಆಚೆಗೆ, ಫೆನ್ಸ್ ಓಡುವಷ್ಟು ಸಂದಿ ಬಿಟ್ಟು ನಿಲ್ಲಿಸಬೇಕು. ತಳ ಅಲ್ಲಿಯವರೆಗೆ ಚಾಚುವಷ್ಟು ಅಗಲ ಇದ್ದರಷ್ಟೇ ಇದು ಉಪಯೋಗ, ಅಂದರೆ ದೊಡ್ಡ ರೂಟರಿಗೆ.

ಬಿಟ್ಟಿಗಿಂತ ಅಗಲವಾದ ಗುಳಿ ಬೇಕಾದಾಗ ಎರಡು ಮುಖದಿಂದಲೂ ಒಂದೊಂದು ಓಟ ಓಡಿಸುವುದು ರೂಢಿ. ಇಲ್ಲಿ ಒಂದು ಸೂಕ್ಷ್ಮ ಇದೆ. ದೂರವನ್ನು ನಡುವಿಗಿಂತ ತುಸು ಆಚೆಗೆ, ಅಂದರೆ ಫೆನ್ಸಿನಿಂದ ದೂರಕ್ಕೆ ಹೊಂದಿಸಿ. 8 ಮಿ.ಮೀ. ಬಿಟ್ಟನ್ನು ಅರ್ಧ ಮಿ.ಮೀ. ಆಚೆ ಇಟ್ಟರೆ ಎರಡು ಓಟಕ್ಕೆ 9 ಮಿ.ಮೀ. ಗುಳಿ. ಹೀಗೆ ಇಟ್ಟಾಗ ಎರಡನೆಯ ಓಟದಲ್ಲಿ ಕಡಿಯಬೇಕಾದ ಮರ ಯಂತ್ರ ಹೋಗುವ ದಿಕ್ಕಿನ ಎಡಕ್ಕೆ ಉಳಿಯುತ್ತದೆ, ಬಿಟ್ ಓಟಕ್ಕೆ ಎದುರಾಗಿ ಕಡಿಯುತ್ತದೆ, ಯಂತ್ರ ಹಿಡಿತದಲ್ಲಿರುತ್ತದೆ. ನಡುವಿಗಿಂತ ಈಚೆ ಇಟ್ಟರೂ ಗುಳಿ 9 ಮಿ.ಮೀ.ಯೇ ಆಗುತ್ತದೆ, ಆದರೆ ಎರಡನೆಯ ಓಟದಲ್ಲಿ ಮರ ಬಲಕ್ಕೆ ಉಳಿದು, ಬಿಟ್ ಚಕ್ರದ ಹಾಗೆ ಮರದ ಮೇಲೆ ಉರುಳಿ ಯಂತ್ರವನ್ನು ಕೈಯಿಂದ ಎಳೆದುಕೊಂಡು ಓಡುತ್ತದೆ.

ಕೆಟ್ಟ ಗ್ರೂವನ್ನು ಓದುವುದು

ಕೆಟ್ಟ ತುಂಡನ್ನು ಒಲೆಗೆ ಹಾಕುವ ಮೊದಲು ಅಡ್ಡಡ್ಡ ಎರಡು ಮೂರು ಕಡೆ ಕತ್ತರಿಸಿ ನೋಡಿ. ಯಾವ ಹಂತದಲ್ಲಿ ತಪ್ಪಾಯಿತು ಎಂದು ಅದೇ ಹೇಳುತ್ತದೆ.

ಗ್ರೂವಿನ ತಳ ಒಂದು ಕಡೆ ತಗ್ಗಾಗಿ, ಗೋಡೆ ಓರೆಯಾಗಿದ್ದರೆ ಯಂತ್ರ ವಾಲಿದೆ. ಉದ್ದಕ್ಕೂ ಒಂದೇ ಓರೆ ಇದ್ದರೆ ಆಸರೆಯ ಎತ್ತರ ಸರಿಯಿಲ್ಲ. ಅಲ್ಲಲ್ಲಿ ಮಾತ್ರ ಓರೆ ಇದ್ದರೆ ಕೈಯ ಭಾರ ಫೆನ್ಸಿನ ಕಡೆಗೆ ಹೋಗಿದೆ, ಸಾಮಾನ್ಯವಾಗಿ ನೀವು ಕಾಲು ಸರಿಸಿದ ಜಾಗದಲ್ಲಿ.

ನಡುವೆ ನೇರ ಇದ್ದು ತುದಿಗಳಲ್ಲಿ ಮಾತ್ರ ಅಗಲವಾಗಿದ್ದರೆ ಫೆನ್ಸ್ ಗಿಡ್ಡ, ಅಥವಾ ಒಳಹೋಗುವಾಗ ಹೊರಬರುವಾಗ ಒತ್ತು ಬದಲಾಯಿಸಿಲ್ಲ.

ನಡುವೆ ಹೊಟ್ಟೆ ಬಿಟ್ಟಿದ್ದರೆ, ಹೊಟ್ಟೆ ಯಾವ ಕಡೆಗಿದೆ ನೋಡಿ. ಆಧಾರ ಮುಖದ ಕಡೆಗಿದ್ದರೆ ಫೆನ್ಸ್ ಮರದಿಂದ ಬಿಟ್ಟಿದೆ. ಬಲದಿಂದ ಎಡಕ್ಕೆ ಓಡಿಸಿರುತ್ತೀರಿ, ಇಲ್ಲವೇ ಹೊಟ್ಟು ಸಿಕ್ಕಿದೆ. ಆಸರೆಯ ಕಡೆಗಿದ್ದರೆ ಫೆನ್ಸ್ ತಾಗಿಯೇ ಇತ್ತು, ಆದರೆ ಗೈಡಿನ ತೋಳು ಬಾಗಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಪಟ್ಟಿಯೇ ಡೊಂಕಾಗಿದ್ದರೆ ಗ್ರೂವ್ ಡೊಂಕಾಗಿದ್ದರೂ ಆಧಾರ ಮುಖದಿಂದ ದೂರ ಎಲ್ಲ ಕಡೆ ಒಂದೇ ಇರುತ್ತದೆ.

ಹೋಗುತ್ತಾ ಹೋಗುತ್ತಾ ಆಳ ಹೆಚ್ಚಾಗಿದ್ದರೆ ಬಿಟ್ ಕೋಲೆಟಿನಿಂದ ಜಾರಿ ಇಳಿದಿದೆ, ಅಥವಾ ಆಳದ ಸ್ಕ್ರೂ ಸಡಿಲ. ಈ ಲಕ್ಷಣ ಕಂಡರೆ ಮುಂದಿನ ಓಟ ಬೇಡ. ಬಿಟ್ ತೆಗೆದು ಶ್ಯಾಂಕ್ ನೋಡಿ. ಸುತ್ತಲೂ ಉಜ್ಜಿದ ಗೀರಿದ್ದರೆ ಅದು ಒಳಗೆ ತಿರುಗಿದೆ. ಕೋಲೆಟ್ ಸವೆದಿದ್ದರೆ ಹೊಸದು ಹಾಕಿ.

ಗೋಡೆಯ ಮೇಲೆ ಸಣ್ಣ ಸಣ್ಣ ಅಲೆಗಳಿದ್ದು, ಕಡಿಯುವಾಗ ಕಟಕಟ ಸದ್ದು ಬಂದಿದ್ದರೆ ಪಟ್ಟಿಯೇ ನಡುಗುತ್ತಿದೆ. ನಡುವಿನ ಟೇಪ್ ಬಿಟ್ಟಿರಬಹುದು. ಅದೇ ಸದ್ದು ಹಠಾತ್ತಾಗಿ ಶುರುವಾದರೆ ಆ ಕ್ಷಣವೇ ನಿಲ್ಲಿಸಿ.

ಈ ದಾರಿ ಬೇಡವಾದಾಗ

ಪಟ್ಟಿ 12 ಮಿ.ಮೀ.ಗಿಂತ ತೆಳುವಾಗಿದ್ದರೆ, ಅಥವಾ ಉದ್ದ ಒಂದು ಅಡಿಗಿಂತ ಕಡಿಮೆ ಇದ್ದರೆ ಗೈಡಿನ ಜೊತೆ ಹೋರಾಡಬೇಡಿ. ಉದ್ದ ಕಡಿಮೆಯಾದರೆ, ಉದ್ದನೆಯ ಒಂದೇ ಪಟ್ಟಿಯಲ್ಲಿ ಗ್ರೂವ್ ತೆಗೆದು ಆಮೇಲೆ ತುಂಡು ಮಾಡಿ. ಚೌಕಟ್ಟಿನ ಅಡ್ಡಪಟ್ಟಿಗಳನ್ನು ನಾನು ಹೀಗೆಯೇ ಮಾಡುವುದು. ಗ್ರೂವ್ ಪಟ್ಟಿಯ ಅಗಲ ಮುಖದಲ್ಲಿ ಬರುವುದಾದರೆ, ಅಗಲವಾದ ಹಲಗೆಯ ಅಂಚಿನ ಬಳಿ ಗ್ರೂವ್ ತೆಗೆದು, ಆಮೇಲೆ ಆ ಪಟ್ಟಿಯನ್ನು ಹಲಗೆಯಿಂದ ಸೀಳಿಕೊಳ್ಳಿ. ಯಂತ್ರ ಹಲಗೆಯ ಮೇಲೆ ನಿಶ್ಚಿಂತೆಯಾಗಿ ಕೂತಿರುತ್ತದೆ.

ತೀರಾ ತೆಳುವಾದ ಅಂಚುಗಳಿಗೆ ರೂಟರ್ ಟೇಬಲ್ ಒಳ್ಳೆಯದು. ಅಲ್ಲಿ ಯಂತ್ರ ತಲೆಕೆಳಗಾಗಿ ಮೇಜಿನಡಿ ಇರುತ್ತದೆ, ನೀವು ಮರವನ್ನು ತಳ್ಳುತ್ತೀರಿ. ಯಂತ್ರ ತಲೆಕೆಳಗಾದ್ದರಿಂದ ದಿಕ್ಕೂ ತಲೆಕೆಳಗು: ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು, ಮತ್ತು ಕೊನೆಯ ಅರ್ಧ ಅಡಿಗೆ ಬೆರಳಿನ ಬದಲು ಒಂದು ತಳ್ಳುಗೋಲು ಇರಬೇಕು. ಟ್ರಿಮ್ಮರನ್ನು ಒಂದು ಕೈಯಲ್ಲಿ ತಲೆಕೆಳಗು ಹಿಡಿದು, ಇನ್ನೊಂದು ಕೈಯಲ್ಲಿ ಪಟ್ಟಿಯನ್ನು ಅದರ ಮೇಲೆ ಎಳೆಯುವ ಶಾರ್ಟ್‌ಕಟ್ ಕೆಲವು ಕಟ್ಟಡದ ಸೈಟುಗಳಲ್ಲಿ ಕಂಡಿದ್ದೇನೆ. ಅದನ್ನು ಕಲಿಯಬೇಡಿ.